ಅಜ್ಜಿಯ ಮಾತು ಬಾವಿಯೊಳಗಿಂದ ಬಂದ ಹಾಗಿದ್ದರೆ ತಪ್ಪು ಕ್ಯಾಮೆರಾದ್ದಲ್ಲ

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವನು, ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ನಾಲ್ವರು ಗೆಳೆಯರು ಸೇರಿ ಎಂಟು ನಿಮಿಷದ ಕಿರುಚಿತ್ರ ಮಾಡಬೇಕೆಂದಿದ್ದೇವೆ. ಮನೆ ಮಾರಾಟದ ನೋಂದಣಿಯ ಹಿಂದಿನ ರಾತ್ರಿ ಅಜ್ಜಿಗೂ ಮೊಮ್ಮಗನಿಗೂ ನಡೆಯುವ ಮಾತುಕತೆಯೇ ಕತೆ. ಚಿತ್ರೀಕರಣ ನಮ್ಮದೇ ಹಳೆಯ ತೊಟ್ಟಿ ಮನೆಯಲ್ಲಿ. ಅಜ್ಜಿಯ ಪಾತ್ರಕ್ಕೆ ನಮ್ಮ ದೊಡ್ಡಮ್ಮ, ಅವರಿಗೆ 72 ವರ್ಷ. ಕಳೆದ ವಾರ ಮೊಬೈಲಿನಲ್ಲಿ ಒಂದು ದೃಶ್ಯ ತೆಗೆದು ನೋಡಿದೆವು. ಟ್ಯೂಬ್‌ಲೈಟ್ ಇದ್ದ ಕಡೆಯೆಲ್ಲ ಕಪ್ಪು ಪಟ್ಟಿಗಳು ಓಡುತ್ತಿವೆ. ಮಾತು ಬಾವಿಯೊಳಗಿಂದ ಬಂದ ಹಾಗಿದೆ. ಒಟ್ಟಾರೆ ಮದುವೆ ಮನೆಯಲ್ಲಿ ಯಾರೋ ನೆಂಟರು ತೆಗೆದ ವಿಡಿಯೋ ಥರ ಇದೆಯೇ ಹೊರತು ಸಿನಿಮಾದ ಹಾಗೆ ಕಾಣುವುದಿಲ್ಲ. ಕೈಯಲ್ಲಿರುವುದು 25 ಸಾವಿರ ರೂಪಾಯಿ. 1 ಲಕ್ಷ 10 ಸಾವಿರದ ಮಿರರ್‌ಲೆಸ್ ಕ್ಯಾಮೆರಾ ಕಂತಿನಲ್ಲಿ ತಗೊ, ಮಾತನ್ನು ಆಮೇಲೆ ಡಬ್ಬಿಂಗ್ ಮಾಡಿದರಾಯಿತು ಅನ್ನುತ್ತಾರೆ ಗೆಳೆಯರು. ಹಾಗೆ ಮಾಡಬಹುದೇ? ಇನ್ನೊಂದು ಪ್ರಶ್ನೆ: ದೃಶ್ಯದಲ್ಲಿ ರೇಡಿಯೋದಿಂದ ಹಳೆಯ ಚಿತ್ರಗೀತೆ 20 ಸೆಕೆಂಡ್ ಬರುತ್ತದೆ. ಅಷ್ಟಕ್ಕೆ ಹಕ್ಕಿನ ತೊಂದರೆ ಇಲ್ಲ ತಾನೆ?

ಉತ್ತರ: ನೀವು ಹೇಳಿದ ಮೂರು ತೊಂದರೆಗಳಲ್ಲಿ ಒಂದಕ್ಕೂ ಮೊಬೈಲ್ ಕಾರಣವಲ್ಲ. ಇದೇ ಮನೆಯಲ್ಲಿ, ಇದೇ ಟ್ಯೂಬ್‌ಲೈಟಿನ ಕೆಳಗೆ, ಇಷ್ಟೇ ದೂರದಲ್ಲಿ ಲಕ್ಷ ರೂಪಾಯಿಯ ಕ್ಯಾಮೆರಾ ಇಟ್ಟರೂ ಪಟ್ಟಿ ಓಡುತ್ತದೆ, ಮಾತು ಬಾವಿಯಿಂದಲೇ ಬರುತ್ತದೆ. ಆದ್ದರಿಂದ ಸದ್ಯಕ್ಕೆ ಕಂತಿನ ಕಾಗದಕ್ಕೆ ಸಹಿ ಹಾಕಬೇಡಿ. ಒಂದೊಂದೇ ತೊಂದರೆಯನ್ನು ಬಿಡಿಸಿ ನೋಡೋಣ.

ಮೊದಲು ಸುಲಭದ್ದು, ಆ ಕಪ್ಪು ಪಟ್ಟಿ. ನಮ್ಮ ಮನೆಗಳಿಗೆ ಬರುವುದು 50 ಹರ್ಟ್ಸ್ ವಿದ್ಯುತ್. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಬಾರಿ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಆದರೆ ಮೊಬೈಲಿನೊಳಗೆ ಬೆಳಕು ಹಿಡಿಯುವ ಸೆನ್ಸರ್ ಚಿತ್ರವನ್ನು ಒಂದೇ ಏಟಿಗೆ ತೆಗೆಯದೆ ಸಾಲು ಸಾಲಾಗಿ ಓದುತ್ತದೆ. ಒಂದು ಸಾಲು ದೀಪ ಬೆಳಗಿದಾಗ, ಮತ್ತೊಂದು ಮಂಕಾದಾಗ ದಾಖಲಾದರೆ ಅದೇ ಪಟ್ಟಿಯಾಗಿ ಕಾಣುತ್ತದೆ. ಮೊಬೈಲನ್ನು ಅದರ ಪಾಡಿಗೆ ಬಿಟ್ಟರೆ ಶಟರ್ (ಒಂದೊಂದು ಚಿತ್ರಕ್ಕೆ ಬೆಳಕು ಬಿಡುವ ಹೊತ್ತು, ಸೆಕೆಂಡಿನ ಭಾಗದಲ್ಲಿ) 1/60ಕ್ಕೋ 1/120ಕ್ಕೋ ಹೋಗಿ ಕೂರುವುದುಂಟು. ಅವು 60 ಹರ್ಟ್ಸ್ ದೇಶಗಳಿಗೆ ಹೊಂದುವ ಲೆಕ್ಕ. ನೀವು ಶಟರನ್ನು 1/50 ಅಥವಾ 1/100ಕ್ಕೆ ಕಟ್ಟಿಹಾಕಿ. ಆಗ ಪ್ರತಿ ಸಾಲಿಗೂ ದೀಪದ ಪೂರ್ತಿ ಸುತ್ತುಗಳು ಸಿಗುತ್ತವೆ, ಪಟ್ಟಿ ಮಾಯವಾಗುತ್ತದೆ. ಮೊಬೈಲಿನ ಮೂಲ ಕ್ಯಾಮೆರಾದಲ್ಲಿ ‘ಪ್ರೊ ವಿಡಿಯೋ’ ಇಲ್ಲದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತವಾಗಿ ಸಿಗುತ್ತದೆ. ಎಲ್ಲ ಆಂಡ್ರಾಯ್ಡ್ ಫೋನುಗಳಲ್ಲಿ ಅದು ನಡೆಯುವುದಿಲ್ಲ, ನಿಮ್ಮದರಲ್ಲಿ ಹಾಕಿ ನೋಡಿ. ಫ್ರೇಮ್‌ರೇಟ್ (ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆ) 25, ಶಟರ್ 1/50 ಇಡಿ. 25 ಇಲ್ಲದಿದ್ದರೆ 24 ಅಥವಾ 30 ಆದರೂ ಸರಿ, ಶಟರ್ ಮಾತ್ರ 1/50 ಬಿಡಬೇಡಿ. ಇಡೀ ಚಿತ್ರಕ್ಕೆ ಒಂದೇ ಫ್ರೇಮ್‌ರೇಟ್ ಇರಲಿ. ಒಂದು ಶಾಟ್ 30, ಇನ್ನೊಂದು 25 ಆದರೆ ಎಡಿಟಿಂಗ್‌ನಲ್ಲಿ ಚಲನೆ ಎಡವುತ್ತದೆ.

ಒಂದು ಎಚ್ಚರಿಕೆ. ನಿಮ್ಮ ಕಡೆ ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ದೀಪ ಉರಿಯುವುದು ಸಾಮಾನ್ಯ. ಇನ್ವರ್ಟರ್ ಅಥವಾ ಜನರೇಟರಿನ ಲೆಕ್ಕ ಸರಿಯಾಗಿ 50ರಲ್ಲೇ ನಿಲ್ಲಬೇಕೆಂದಿಲ್ಲ. ಕರೆಂಟ್ ಹೋದ ಮೇಲೆ ಚಿತ್ರೀಕರಣ ಮುಂದುವರಿಸುವುದಾದರೆ ಹತ್ತು ಸೆಕೆಂಡ್ ತೆಗೆದು, ದೊಡ್ಡದು ಮಾಡಿ ನೋಡಿ, ಆಮೇಲೆ ಕಲಾವಿದರನ್ನು ಕರೆಯಿರಿ.

‘ಸಿನಿಮಾದ ಹಾಗೆ ಕಾಣುವುದಿಲ್ಲ’ ಎಂಬುದರಲ್ಲಿ ಹಲವು ವಿಷಯ ಸೇರಿಕೊಂಡಿವೆ. ಅರ್ಧ ಪಾಲು ಎಲ್ಲವನ್ನೂ ಆಟೋಗೆ ಬಿಟ್ಟದ್ದರದು. ಅಜ್ಜಿ ಸ್ವಲ್ಪ ಬಾಗಿದ ಕೂಡಲೇ ಬೆಳಕು ಏರುತ್ತದೆ, ಮೊಮ್ಮಗನ ಬಿಳಿ ಅಂಗಿ ಚೌಕಟ್ಟಿಗೆ ಬಂದ ಕೂಡಲೇ ಇಳಿಯುತ್ತದೆ, ಗೋಡೆಯ ಬಣ್ಣ ನಡುವೆಯೇ ಹಳದಿಯಿಂದ ನೀಲಿಗೆ ವಾಲುತ್ತದೆ. ಹವ್ಯಾಸಿ ವಿಡಿಯೋ ಎಂದು ಕಣ್ಣು ಗುರುತು ಹಿಡಿಯುವುದು ಇದರಿಂದಲೇ. ಫೋಕಸ್, ಐಎಸ್‌ಒ (ಬೆಳಕಿಗೆ ಸೆನ್ಸರಿನ ಚುರುಕು), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರಕ್ಕೂ ಬೀಗ ಹಾಕಿ. ಟ್ರೈಪಾಡ್ ಮೇಲಿಟ್ಟಾಗ ಅಲುಗಾಟ ತಗ್ಗಿಸುವ ಸ್ಟೆಬಿಲೈಸೇಶನ್ ಆಫ್ ಮಾಡಿ. ಹಿನ್ನೆಲೆಯನ್ನು ತಾನೇ ಮಸುಕು ಮಾಡುವ ‘ಪೋರ್ಟ್ರೇಟ್ ವಿಡಿಯೋ’ ಮುಟ್ಟಬೇಡಿ, ದೊಡ್ಡಮ್ಮನ ನರೆಗೂದಲಿನ ಅಂಚನ್ನೇ ಅದು ತಿಂದುಹಾಕುತ್ತದೆ. ಅಗಲ ನೋಟದ 0.5 ಲೆನ್ಸ್ ಬೇಡ. ಅದರ ಸೆನ್ಸರ್ ಸಾಮಾನ್ಯವಾಗಿ ಚಿಕ್ಕದು, ಮಬ್ಬಿನಲ್ಲಿ ಕಾಳು ಕಾಳಾಗಿ ಕಾಣುತ್ತದೆ, ಮುಖವನ್ನೂ ಎಳೆಯುತ್ತದೆ. ಮತ್ತೆ, ಪ್ರತಿ ಸಲ ಹೊಸ ಜಾಗದಲ್ಲಿ ಇಡುವ ಮುಂಚೆ ಲೆನ್ಸನ್ನು ಹತ್ತಿ ಬಟ್ಟೆಯಿಂದ ಒರೆಸಿ. ಬಲ್ಬಿನ ಸುತ್ತ ಮಂಜಿನ ಉಂಗುರದ ಹಾಗೆ ಕಾಣುವುದು ಬಹುಪಾಲು ಬೆರಳಿನ ಜಿಡ್ಡೇ.

ಉಳಿದರ್ಧ ಬೆಳಕು. ‘ರಾತ್ರಿ ದೃಶ್ಯವಲ್ಲವೇ, ಕತ್ತಲಲ್ಲೇ ತೆಗೆಯೋಣ’ ಎಂಬ ತಪ್ಪು ಕಲ್ಪನೆ ಹೊಸಬರಲ್ಲಿ ಬಹಳ. ಕತ್ತಲಲ್ಲಿ ತೆಗೆದರೆ ಮೊಬೈಲ್ ಐಎಸ್‌ಒ 3200 ದಾಟುತ್ತದೆ, ಚಿತ್ರದ ತುಂಬ ಎಳ್ಳು ಚೆಲ್ಲಿದ ಹಾಗಾಗುತ್ತದೆ. ಪರದೆಯ ಮೇಲಿನ ರಾತ್ರಿ ಬರುವುದು ಬೆಳಕಿನ ಕೊರತೆಯಿಂದಲ್ಲ, ಬೆಳಕು ಬೀಳದ ಜಾಗಗಳಿಂದ. ಮುಖದ ಒಂದು ಪಕ್ಕಕ್ಕೆ ಸಾಕಷ್ಟು ಬೆಳಕು, ಹಿಂದಿನ ಗೋಡೆಗೆ ಬಹಳ ಕಡಿಮೆ. ಇಷ್ಟೇ ಸೂತ್ರ.

ಮಾಡುವುದು ಹೀಗೆ. ಟ್ಯೂಬ್‌ಲೈಟನ್ನು ಪೂರ್ತಿ ಆರಿಸಿ. ಮೇಲಿನಿಂದ ಬೀಳುವ ಆ ಬೆಳಕು ಕಣ್ಣುಗುಳಿಯನ್ನು ಕಪ್ಪು ಮಾಡಿ ಗೋಡೆಯನ್ನು ಬೆಳ್ಳಗೆ ಮಾಡುತ್ತದೆ, ನಿಮಗೆ ಬೇಕಾದ್ದರ ನೇರ ತದ್ವಿರುದ್ಧ. 20 ವಾಟ್‌ನ ಹಳದಿ ಬಣ್ಣದ ಎಲ್‌ಇಡಿ ಬಲ್ಬ್ (ಬೆಳಕಿನ ಬಣ್ಣದ ಅಳತೆಯಲ್ಲಿ 3000 ಕೆಲ್ವಿನ್) ಒಂದನ್ನು ಹೋಲ್ಡರಿಗೆ ಹಾಕಿ, ಅಜ್ಜಿಯ ಪಕ್ಕಕ್ಕೆ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ನಾಲ್ಕೈದು ಅಡಿ ದೂರದಲ್ಲಿ ನಿಲ್ಲಿಸಿ. ಅದಕ್ಕೂ ಅಜ್ಜಿಗೂ ನಡುವೆ ಮರದ ಚೌಕಟ್ಟಿಗೆ ಅಂಟಿಸಿದ ಬಟರ್ ಪೇಪರ್ ಇಡಿ. ಕಾಗದ ಬಲ್ಬಿಗೆ ಒಂದೂವರೆ ಅಡಿಯಾದರೂ ದೂರವಿರಲಿ. ದೊಡ್ಡ ಕಾಗದದ ತುಂಬ ಬೆಳಕು ಹರಡಿದಷ್ಟೂ ಮುಖದ ನೆರಳು ಮೆತ್ತಗಾಗುತ್ತದೆ. ಇನ್ನೊಂದು ಕೆನ್ನೆ ತೀರ ಕಪ್ಪಾದರೆ ಆ ಕಡೆ ಬಿಳಿ ಥರ್ಮಾಕೋಲ್ ಹಿಡಿಯಿರಿ, ಹತ್ತಿರ ದೂರ ಮಾಡುತ್ತ ಬೇಕಾದಷ್ಟಕ್ಕೆ ನಿಲ್ಲಿಸಿ. ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಬೇಡಿ, ಆರಡಿ ಮುಂದೆ ತನ್ನಿ, ಗೋಡೆ ತಾನೇ ಹಿಂದಕ್ಕೆ ಸರಿಯುತ್ತದೆ. ಕಿಟಕಿಯ ಹೊರಗೆ 6500 ಕೆಲ್ವಿನ್‌ನ ಬಿಳಿ ಬಲ್ಬ್ ಒಂದು. ವೈಟ್ ಬ್ಯಾಲೆನ್ಸನ್ನು 4000ಕ್ಕೆ ಇಟ್ಟರೆ ಒಳಗಿನದು ಬೆಚ್ಚಗಿನ ಹಳದಿಯಾಗಿ, ಹೊರಗಿನದು ಬೆಳುದಿಂಗಳ ನೀಲಿಯಾಗಿ ಕಾಣುತ್ತದೆ. ಐಎಸ್‌ಒ 800ರ ಒಳಗೆ ನಿಲ್ಲಬೇಕು. ನಿಲ್ಲದಿದ್ದರೆ ಬಲ್ಬನ್ನು ಹತ್ತಿರ ತನ್ನಿ, ಐಎಸ್‌ಒ ಏರಿಸಬೇಡಿ. ಬಲ್ಬ್ ಕೊಳ್ಳುವಾಗ ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣಗಳನ್ನು ಸಹಜವಾಗಿ ತೋರಿಸುವ ಗುಣದ ಅಂಕ) 90 ಅಥವಾ ಹೆಚ್ಚು ಎಂದಿರುವುದನ್ನು ಹುಡುಕಿ. ಅಗ್ಗದ ಬಲ್ಬಿನಲ್ಲಿ ಚರ್ಮ ಹಸಿರು ಹಸಿರಾಗುತ್ತದೆ, ಆಮೇಲೆ ಅದನ್ನು ತಿದ್ದುವುದು ಕಷ್ಟ.

ತೊಟ್ಟಿಯಲ್ಲಿ ಹಗಲಿನ ದೃಶ್ಯವಿದ್ದರೆ ನಿಮಗೆ ಅದೃಷ್ಟ ಖುಲಾಯಿಸಿದಂತೆ. 1956ರ ಸತ್ಯಜಿತ್ ರಾಯ್ ಚಿತ್ರ ‘ಅಪರಾಜಿತೊ’ಗೆ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಆಕಾಶದಿಂದ ಸೋಸಿ ಬರುವ ಬೆಳಕು ಬೇಕೆಂದು ಮೇಲೆ ಬಿಳಿ ಬಟ್ಟೆ ಬಿಗಿಸಿ, ಕೆಳಗಿನಿಂದ ಅದರ ಮೇಲೆ ದೀಪ ಬಿಟ್ಟಿದ್ದರು. ಅಷ್ಟು ಶ್ರಮಪಟ್ಟು ಅವರು ಸೃಷ್ಟಿಸಿದ್ದು ನಿಮ್ಮ ಮನೆಯ ನಡುವೆ ದಿನಾ ಬೀಳುತ್ತಿದೆ. ನೆತ್ತಿಯ ಮೇಲಿನ ಬಿಸಿಲು ನೇರ ಬೀಳುವ ಹೊತ್ತು ಬಿಟ್ಟು, ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಜಗಲಿಯ ಅಂಚಿನಲ್ಲಿ ಕಲಾವಿದರನ್ನು ತೊಟ್ಟಿಯ ಕಡೆ ಮುಖ ಮಾಡಿ ಕೂರಿಸಿ. ಬೇರೆ ದೀಪವೇ ಬೇಡ.

ಮಾತು ಏಕೆ ಬಾವಿಯಿಂದ ಬರುತ್ತದೆ

ನಿಮ್ಮ ಚಿತ್ರ ಇಬ್ಬರ ಮಾತಿನ ಮೇಲೇ ನಿಂತಿದೆ. ಚಿತ್ರ ಸ್ವಲ್ಪ ಮಬ್ಬಾದರೆ ನೋಡುವವರು ಸಹಿಸುತ್ತಾರೆ, ಮಾತು ಕೇಳದಿದ್ದರೆ ಒಂದನೇ ನಿಮಿಷದಲ್ಲೇ ಎದ್ದು ಹೋಗುತ್ತಾರೆ. 25 ಸಾವಿರದಲ್ಲಿ ಮೊದಲ ಖರ್ಚು ಇಲ್ಲೇ ಆಗಬೇಕು, ಮತ್ತು ಅದು ದೊಡ್ಡ ಖರ್ಚೇನೂ ಅಲ್ಲ.

ಮೊಬೈಲನ್ನು ಎಂಟಡಿ ದೂರ ಇಟ್ಟು ಅದರದೇ ಮೈಕಿನಲ್ಲಿ ತೆಗೆದಿದ್ದೀರಿ ಎಂದು ಊಹಿಸುತ್ತೇನೆ. ದೂರ ಎರಡು ಪಟ್ಟಾದಾಗಲೆಲ್ಲ ಬಾಯಿಂದ ನೇರ ಬರುವ ದನಿ 6 ಡೆಸಿಬಲ್ ಇಳಿಯುತ್ತದೆ. ಆದರೆ ಗೋಡೆ, ನೆಲ, ಮರದ ಅಟ್ಟಕ್ಕೆ ಬಡಿದು ಬರುವ ದನಿ ಕೋಣೆಯ ತುಂಬ ಹೆಚ್ಚುಕಮ್ಮಿ ಒಂದೇ ಸಮ ಇರುತ್ತದೆ. ಎಂಟಿಂಚಿನಲ್ಲಿ ಮಾತು ಗೆಲ್ಲುತ್ತದೆ, ಎಂಟಡಿಯಲ್ಲಿ ಕೋಣೆ ಗೆಲ್ಲುತ್ತದೆ. ನೀವು ಕೇಳುತ್ತಿರುವ ಬಾವಿ ಅದೇ. ಇದನ್ನು ಯಾವ ಸಾಫ್ಟ್‌ವೇರ್ ತೆಗೆದರೂ ಮಾತಿನ ಜೀವ ಸ್ವಲ್ಪ ಹೋಗಿಯೇ ಹೋಗುತ್ತದೆ.

ತಂತಿಯ ಕಾಲರ್ ಮೈಕ್ ಎರಡು ತನ್ನಿ, ಸಾವಿರ ರೂಪಾಯಿ ಆಸುಪಾಸಿಗೆ ಒಂದು ಸಿಗುತ್ತದೆ. ಕ್ಯಾಮೆರಾ ಆದ ಫೋನಿಗೆ ಅದನ್ನು ಸಿಕ್ಕಿಸುವುದು ಬೇಡ. ಗೆಳೆಯರ ಇನ್ನೆರಡು ಫೋನುಗಳನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ರೆಕಾರ್ಡರ್ ಆ್ಯಪ್ ಹಚ್ಚಿ, ಒಬ್ಬೊಬ್ಬ ಕಲಾವಿದರ ಬಳಿ ಒಂದೊಂದು ಇಡಿ. ಅಜ್ಜಿಯ ಸೊಂಟದಲ್ಲಿ ಒಂದು, ಮೊಮ್ಮಗನ ಜೇಬಿನಲ್ಲಿ ಒಂದು. ಆ್ಯಪಿನಲ್ಲಿ ಎಂಪಿ3 ಬಿಟ್ಟು ವೇವ್ (ದನಿಯನ್ನು ಹಿಂಡದೆ ಉಳಿಸುವ ಫೈಲ್), 48 ಕಿಲೋಹರ್ಟ್ಸ್ ಆರಿಸಿ. ದನಿಯ ಮಟ್ಟ ಕೈಯಲ್ಲಿ ಹೊಂದಿಸಲು ಬರುವುದಾದರೆ ಜೋರಾಗಿ ಮಾತಾಡಿದಾಗಲೂ ಮೀಟರು ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ, ಮೈನಸ್ 6 ದಾಟದಿರಲಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಒಡೆದದ್ದನ್ನು ಜೋಡಿಸುವ ದಾರಿಯಿಲ್ಲ.

ಇಲ್ಲಿ ಹೊಸಬರು ತಪ್ಪದೆ ಬೀಳುವ ಒಂದು ಹಳ್ಳವಿದೆ. ಮೈಕಿನ ಪಿನ್ನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಮೂರು ಕಪ್ಪು ಉಂಗುರವಿದ್ದರೆ ಅದು ಫೋನಿನದು, ಎರಡಿದ್ದರೆ ಕ್ಯಾಮೆರಾ ಅಥವಾ ರೆಕಾರ್ಡರಿನದು. ಎರಡುಂಗುರದ್ದನ್ನು ಫೋನಿಗೆ ಚುಚ್ಚಿದರೆ ಫೋನು ಏನೂ ದೂರುವುದಿಲ್ಲ, ಸುಮ್ಮನೆ ತನ್ನ ಸ್ವಂತ ಮೈಕಿನಲ್ಲೇ ರೆಕಾರ್ಡ್ ಮಾಡುತ್ತ ಹೋಗುತ್ತದೆ. ಮೈಕ್ ಹಾಕಿದ್ದೇವೆ ಎಂದು ನೀವು ನೆಮ್ಮದಿಯಾಗಿರುತ್ತೀರಿ, ಸಂಜೆ ಕೇಳಿದಾಗ ಮತ್ತೆ ಬಾವಿ. ಟೈಪ್-ಸಿ ಕನ್ವರ್ಟರುಗಳಲ್ಲೂ ಕೆಲವು ಹಾಡು ಕೇಳುವುದಕ್ಕಷ್ಟೇ, ಮೈಕಿನ ದನಿಯನ್ನು ಒಳಗೆ ಬಿಡುವುದಿಲ್ಲ. ಪರೀಕ್ಷೆ ಸುಲಭ: ರೆಕಾರ್ಡಿಂಗ್ ಹಚ್ಚಿ ಕಾಲರ್ ಮೈಕನ್ನು ಉಗುರಿನಿಂದ ಕೆರೆಯಿರಿ, ಆಮೇಲೆ ಫೋನಿನ ತಳವನ್ನು ಕೆರೆಯಿರಿ. ಯಾವುದು ಜೋರಾಗಿ ಕೇಳಿತೋ ಅದೇ ಮೈಕ್ ಕೆಲಸ ಮಾಡುತ್ತಿದೆ. ಪ್ರತಿ ದಿನ ಬೆಳಿಗ್ಗೆ ಇದು ಮೊದಲ ಕೆಲಸವಾಗಲಿ.

ಮೈಕ್ ಗಲ್ಲದಿಂದ ಒಂದು ಗೇಣು ಕೆಳಗಿರಬೇಕು. ದೊಡ್ಡಮ್ಮನಿಗೆ ಒಗೆದು ಮೆತ್ತಗಾದ ಹತ್ತಿ ಸೀರೆ ಉಡಿಸಿ. ಸಿಂಥೆಟಿಕ್ ಸೀರೆಯ ಸೆರಗು ಮೈಕಿಗೆ ತಾಗಿದರೆ ಬೆಂಕಿ ಚಟಪಟ ಅಂದ ಹಾಗೆ ಕೇಳುತ್ತದೆ. ಔಷಧಿ ಅಂಗಡಿಯ ಮೈಕ್ರೋಪೋರ್ ಟೇಪನ್ನು ಅಂಟು ಹೊರಗೆ ಬರುವ ಹಾಗೆ ತ್ರಿಕೋನ ಮಡಚಿ, ಎರಡು ತ್ರಿಕೋನದ ನಡುವೆ ಮೈಕ್ ಕೂರಿಸಿ, ಬ್ಲೌಸಿನ ಒಳ ಅಂಚಿಗೆ ಅಂಟಿಸಿ. ಮೈಕಿನ ಮೂತಿ ಮಾತ್ರ ತೆರೆದಿರಲಿ, ಬಟ್ಟೆ ಅದರ ಮೇಲೆ ಜಾರಬಾರದು.

ಕೋಣೆಯನ್ನೂ ಸ್ವಲ್ಪ ಮೆತ್ತಗೆ ಮಾಡಿ. ಮೊಟ್ಟೆಯ ಟ್ರೇ ಅಂಟಿಸಿದರೆ ಪ್ರತಿಧ್ವನಿ ಹೋಗುತ್ತದೆ ಎಂಬುದು ಹೆಚ್ಚಿನ ಮಟ್ಟಿಗೆ ಸುಳ್ಳು, ಅಷ್ಟು ತೆಳು ರಟ್ಟು ಮಾತಿನ ದನಿಯನ್ನು ಹೀರುವುದಿಲ್ಲ. ಮನೆಯಲ್ಲಿರುವ ಕಂಬಳಿ, ಕೌದಿ, ಹಾಸಿಗೆಗಳೇ ಅದಕ್ಕಿಂತ ಎಷ್ಟೋ ವಾಸಿ. ಚೌಕಟ್ಟಿಗೆ ಬಾರದ ಎರಡು ಬದಿಗೆ ಹಗ್ಗ ಕಟ್ಟಿ ಅವನ್ನು ನೇತುಹಾಕಿ, ಕಲಾವಿದರ ಮುಂದಿನ ನೆಲಕ್ಕೆ ಒಂದು ಹಾಸಿ. ಫ್ಯಾನ್ ಮತ್ತು ಫ್ರಿಜ್ ಆಫ್. ಬೈಕಿನ ಕೀಲಿಯನ್ನು ಫ್ರಿಜ್ಜಿನೊಳಗೆ ಇಟ್ಟುಬಿಡಿ, ಮನೆಗೆ ಹೊರಡುವಾಗ ಅದನ್ನು ಮತ್ತೆ ಹಚ್ಚುವುದು ಮರೆಯುವುದಿಲ್ಲ.

ನಿಮ್ಮ ಊರಿಗೇ ಸೇರಿದ ಇನ್ನೊಂದು ಶತ್ರು ಜೀರುಂಡೆ. ಮಲೆನಾಡಿನ ರಾತ್ರಿಯಲ್ಲಿ ಅದರ ಕೂಗು ನಮ್ಮ ‘ಸ’, ‘ಶ’, ‘ಚ’ಗಳು ಇರುವ ಎತ್ತರದ ದನಿಪಟ್ಟಿಯಲ್ಲೇ ಬಂದು ಕೂರುತ್ತದೆ. ಒಂದು ಟೇಕಿನಲ್ಲಿ ಜೋರು, ಮುಂದಿನದರಲ್ಲಿ ಮೌನ. ಎರಡನ್ನೂ ಜೋಡಿಸಿದಾಗ ಪ್ರತಿ ಕಟ್ಟಿನಲ್ಲೂ (ಶಾಟ್ ಬದಲಾಗುವ ಕಡೆ) ದನಿ ಹಾರುತ್ತದೆ. ಅದಕ್ಕೇ ನನ್ನ ಗಟ್ಟಿ ಸಲಹೆ: ರಾತ್ರಿ ದೃಶ್ಯವನ್ನು ಹಗಲಿನಲ್ಲೇ ತೆಗೆಯಿರಿ. ಕೋಣೆಯ ಕಿಟಕಿ ಬಾಗಿಲುಗಳಿಗೆ ಹೊರಗಿನಿಂದ ಕಪ್ಪು ಟಾರ್ಪಾಲು ಹೊದಿಸಿ. ಬೆಳುದಿಂಗಳು ಬೇಕಾದ ಕಿಟಕಿಯಲ್ಲಿ ಬಲ್ಬನ್ನೂ ಸೇರಿಸಿ ಮುಚ್ಚುವ ಹಾಗೆ ಗುಡಾರದಂತೆ ಕಟ್ಟಿ. 72 ವರ್ಷದವರನ್ನು ರಾತ್ರಿ ಎರಡು ಗಂಟೆಗೆ ಅದೇ ಮಾತು ಎಂಟು ಸಲ ಹೇಳಿಸುವುದೂ ತಪ್ಪುತ್ತದೆ. ಜೀರುಂಡೆ ದನಿಯನ್ನು ಬೇರೆ ದಿನ ರಾತ್ರಿ ಐದು ನಿಮಿಷ ರೆಕಾರ್ಡ್ ಮಾಡಿಕೊಂಡು, ಎಡಿಟಿಂಗ್‌ನಲ್ಲಿ ಇಡೀ ದೃಶ್ಯದ ಕೆಳಗೆ ಒಂದೇ ಎಳೆಯಾಗಿ ಹಾಸಿ. ಎಲ್ಲ ಕಟ್ಟುಗಳನ್ನೂ ಅದು ಮುಚ್ಚಿಬಿಡುತ್ತದೆ. ಹಾಗೆಯೇ ಪ್ರತಿ ಕೋಣೆಯಲ್ಲೂ ಕೆಲಸ ಮುಗಿದ ಮೇಲೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತು ಒಂದು ನಿಮಿಷದ ಬರೀ ಮೌನ ರೆಕಾರ್ಡ್ ಮಾಡಿ. ಮಾತುಗಳ ನಡುವಿನ ಸಂದು ತುಂಬಲು ಅದಕ್ಕಿಂತ ಒಳ್ಳೆಯ ಗಾರೆ ಬೇರೆ ಇಲ್ಲ.

ಚಿತ್ರ ಒಂದು ಫೋನಿನಲ್ಲಿ, ದನಿ ಎರಡರಲ್ಲಿ. ಹೊಂದಿಸುವುದಕ್ಕೆ ಪ್ರತಿ ಟೇಕಿನ ಮೊದಲು ‘ದೃಶ್ಯ ಮೂರು, ಶಾಟ್ ಎರಡು, ಟೇಕ್ ನಾಲ್ಕು’ ಎಂದು ಹೇಳಿ ಕ್ಯಾಮೆರಾಕ್ಕೆ ಕಾಣುವಂತೆ ಒಮ್ಮೆ ಚಪ್ಪಾಳೆ ತಟ್ಟಿ. ಉಚಿತವಾಗಿ ಸಿಗುವ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಚಿತ್ರ, ದನಿ ಎರಡನ್ನೂ ದನಿಯ ಅಲೆ ನೋಡಿ ತಾನೇ ಹೊಂದಿಸುತ್ತದೆ, ಕೈತಪ್ಪಿದಲ್ಲಿ ಚಪ್ಪಾಳೆ ನೆರವಿಗೆ ಬರುತ್ತದೆ. ಶುರುವಿನಲ್ಲಿ ತುಟಿ ಸರಿಯಿದ್ದು ಎರಡು ನಿಮಿಷದ ಹೊತ್ತಿಗೆ ಜಾರಿದರೆ, ಫೋನು ಫ್ರೇಮ್‌ರೇಟನ್ನು ಅಲ್ಲಲ್ಲಿ ಹಿಗ್ಗಿಸಿ ಕುಗ್ಗಿಸಿರುತ್ತದೆ. ಎಡಿಟಿಂಗ್‌ಗೆ ಮೊದಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಸ್ಥಿರ ಫ್ರೇಮ್‌ರೇಟಿಗೆ ಬದಲಾಯಿಸಿಕೊಳ್ಳಿ.

ಡಬ್ಬಿಂಗ್ ಮಾಡಿದರೆ ಆಗದೇ?

ಆಗುತ್ತದೆ, ಕನ್ನಡ ಚಿತ್ರರಂಗ ದಶಕಗಳ ಕಾಲ ಅದರ ಮೇಲೇ ನಡೆದಿದೆ. ಆದರೆ ಅದನ್ನು ಮಾಡುವವರು ತಮ್ಮ ತುಟಿ ನೋಡಿಕೊಂಡು ಅದೇ ಭಾವ ಮತ್ತೆ ತರಲು ಪಳಗಿದವರು. ದೊಡ್ಡಮ್ಮ ಅಂಗಳದಲ್ಲಿ ಕೂತು ಕಣ್ಣು ತುಂಬಿಕೊಂಡು ಹೇಳಿದ ಮಾತು ತಿಂಗಳ ನಂತರ ಹೆಡ್‌ಫೋನ್ ಹಾಕಿದಾಗ ಓದಿ ಒಪ್ಪಿಸಿದಂತಾಗುತ್ತದೆ. ಅಲ್ಲದೆ ಡಬ್ಬಿಂಗ್‌ನಲ್ಲಿ ಬರುವುದು ಮಾತು ಮಾತ್ರ. ಲೋಟ ಇಟ್ಟ ಸದ್ದು, ಚಾಪೆಯ ಮೇಲೆ ಸರಿದ ಸದ್ದು, ಬಳೆ, ಹೆಜ್ಜೆ ಎಲ್ಲವನ್ನೂ ಬೇರೆಯಾಗಿ ಮಾಡಿ ಸೇರಿಸಬೇಕು. ಸೇರಿಸದಿದ್ದರೆ ಪಾತ್ರಗಳು ಗಾಳಿಯಲ್ಲಿ ತೇಲುತ್ತವೆ.

ಇದಕ್ಕೊಂದು ನಡುದಾರಿ ಇದೆ. ಶಾಟ್ ಚೆನ್ನಾಗಿ ಬಂದು ದನಿ ಮಾತ್ರ ಕೆಟ್ಟಿದ್ದರೆ (ಲಾರಿ ಹೋಯಿತು, ನಾಯಿ ಬೊಗಳಿತು) ಕಲಾವಿದರನ್ನು ಏಳಿಸದೆ, ಕ್ಯಾಮೆರಾ ನಿಲ್ಲಿಸಿ, ಅದೇ ಜಾಗದಲ್ಲಿ, ಅದೇ ಮೈಕಿನಲ್ಲಿ ಆ ಮಾತನ್ನು ಮೂರು ಸಲ ಹೇಳಿಸಿ. ಭಾವ ಇನ್ನೂ ಬಿಸಿಯಾಗಿರುತ್ತದೆ, ಕೋಣೆಯೂ ಅದೇ. ಬೆನ್ನು ಕಾಣುವ ಶಾಟ್‌ಗಳಿಗೂ ದೂರದ ಶಾಟ್‌ಗಳಿಗೂ ಇದು ಧಾರಾಳವಾಗಿ ಕೂರುತ್ತದೆ.

ಕ್ಯಾಮೆರಾ ಕೊಳ್ಳುವುದು, ಬಾಡಿಗೆಗೆ ತರುವುದು

ಕೊಂಡರೆ 1 ಲಕ್ಷ 10 ಸಾವಿರಕ್ಕೆ ನಿಲ್ಲುವುದಿಲ್ಲ. ಕಾರ್ಡು, ಎರಡು ಬ್ಯಾಟರಿ, ಬಿಸಿಲಿನ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರು, ಮೈಕು ಸೇರುತ್ತವೆ. ಜೊತೆಗೆ ಬರುವ ಕಿಟ್ ಲೆನ್ಸಿನ ದ್ಯುತಿರಂಧ್ರ (ಬೆಳಕು ಒಳಬರುವ ಕಿಂಡಿ, ಅಂಕಿ ಹೆಚ್ಚಿದಷ್ಟೂ ಕಿರಿದು) ಸಾಮಾನ್ಯವಾಗಿ ಎಫ್ 3.5ರಿಂದ 5.6. ಸಿನಿಮಾದ ಹಾಗೆ ಹಿನ್ನೆಲೆ ಮಸುಕಾಗಲಿ ಎಂಬ ಆಸೆ ನಿಮಗಿದ್ದರೆ ಅದರಲ್ಲಿ ಅಷ್ಟಾಗಿ ಈಡೇರುವುದಿಲ್ಲ. 50 ಎಂಎಂ, ಎಫ್ 1.8 ಲೆನ್ಸ್ ಹಾಕಿದಿರಿ ಅನ್ನಿ. ಐದಡಿ ದೂರದ ಮುಖದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಮೂರಿಂಚು. ಅಜ್ಜಿ ಎಲೆಗೆ ಸುಣ್ಣ ಹಚ್ಚಲು ಬಾಗಿದರೆ ಕಣ್ಣು ಮಸುಕು, ಕಿವಿ ಸ್ಪಷ್ಟ. ಆ ಮೂರಿಂಚನ್ನು ಹಿಡಿದಿಡುವುದೇ ದೊಡ್ಡ ಚಿತ್ರಗಳಲ್ಲಿ ಒಬ್ಬರ ಪೂರ್ಣಾವಧಿ ಕೆಲಸ. ಫೋಟೋ ಕೆಲಸದಿಂದಲೂ ಗಳಿಸುವ ಯೋಜನೆ ಇದ್ದರೆ ಮಾತು ಬೇರೆ. ಒಂದು ಕಿರುಚಿತ್ರಕ್ಕಾಗಿ ಕಂತು ಬೇಡ.

ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಎರಡು ದಿನದ ಬಾಡಿಗೆಗೆ ತರುವುದು ಇನ್ನೊಂದು ದಾರಿ. ಗುರುತಿನ ಚೀಟಿ, ಠೇವಣಿ ಕೇಳುತ್ತಾರೆ, ಬಿದ್ದು ಒಡೆದರೆ ಹೊಣೆ ನಿಮ್ಮದು. ಅದಕ್ಕಿಂತ ದೊಡ್ಡ ತೊಂದರೆ, ಮೆನು ಅರ್ಥ ಮಾಡಿಕೊಳ್ಳುವುದರಲ್ಲೇ ಮೊದಲ ಅರ್ಧ ದಿನ ಹೋಗುತ್ತದೆ. ನಡೆಸಲು ಬಲ್ಲವರೂ ಜೊತೆಗೆ ಬರುವುದಾದರೆ ಮಾತ್ರ ತನ್ನಿ. ನನ್ನನ್ನು ಕೇಳಿದರೆ ಈ ಚಿತ್ರಕ್ಕೆ ಕೈಯಲ್ಲಿರುವ ಫೋನು ಸಾಕು. ಮೈಕು, ಗಟ್ಟಿ ಟ್ರೈಪಾಡು, ಬಲ್ಬು, ಟಾರ್ಪಾಲು ತಂದ ಮೇಲೂ ಎರಡು ದಿನದ ಊಟ ತಿಂಡಿಗೆ ಮತ್ತು ಒಂದು ಬ್ಯಾಕಪ್ ಡಿಸ್ಕಿಗೆ ದುಡ್ಡು ಉಳಿಯುತ್ತದೆ. ಡಿಸ್ಕ್ ಬಿಡಬೇಡಿ. ರಾತ್ರಿ ಎರಡು ಕಡೆ ನಕಲಾಗುವವರೆಗೆ ಫೋನಿನಿಂದ ಒಂದು ಫೈಲನ್ನೂ ಅಳಿಸಬಾರದು.

ಚಿತ್ರೀಕರಣಕ್ಕೆ ಎರಡು ದಿನ ಸಾಕೇ ಎಂಬುದನ್ನು ಈಗಲೇ ಲೆಕ್ಕ ಹಾಕಿ. ‘ಒಂದು ಪುಟ ಒಂದು ನಿಮಿಷ’ ಎಂಬ ಮಾತು ಇಂಗ್ಲಿಷಿನ ನಿಗದಿತ ಟೈಪಿನ ಚಿತ್ರಕತೆಗೆ ಹೇಳಿದ್ದು, ಕನ್ನಡದ ಕೈಬರಹಕ್ಕೆ ಕೂರುವುದಿಲ್ಲ. ಇಬ್ಬರು ಕೂತು ಮೌನಗಳನ್ನೂ ಸೇರಿಸಿ ಗಟ್ಟಿಯಾಗಿ ಓದಿ, ಗಡಿಯಾರ ನೋಡಿ. ಆಮೇಲೆ ಶಾಟ್‌ಗಳನ್ನು ಎಣಿಸಿ. ಹೊಸ ತಂಡಕ್ಕೆ ಕ್ಯಾಮೆರಾದ ಜಾಗ ಬದಲಿಸಿ, ಬೆಳಕು ತಿದ್ದಿ, ನಾಲ್ಕು ಟೇಕ್ ತೆಗೆಯಲು 25ರಿಂದ 30 ನಿಮಿಷ ಬೇಕು. 45 ಶಾಟ್ ಇದ್ದರೆ ಸುಮಾರು 19ರಿಂದ 22 ಗಂಟೆ ಹಿಡಿಯುತ್ತದೆ, ದೊಡ್ಡಮ್ಮನ ಕೈಲಿ ಅದು ಆಗದು. 25ರಿಂದ 28ಕ್ಕೆ ಇಳಿಸಿ. ಅವರ ಹತ್ತಿರದ ಶಾಟ್‌ಗಳನ್ನೆಲ್ಲ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಎದುರುಬದುರು ಕೂತ ಇಬ್ಬರ ನಡುವೆ ಒಂದು ಗೆರೆ ಎಳೆದಂತೆ ಭಾವಿಸಿ ಕ್ಯಾಮೆರಾ ಸದಾ ಗೆರೆಯ ಒಂದೇ ಬದಿಯಲ್ಲಿರಲಿ. ದಾಟಿದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವ ಹಾಗೆ ಕಾಣುತ್ತದೆ. ಮಾತು ಮುಗಿದ ಕೂಡಲೇ ‘ಕಟ್’ ಅನ್ನಬೇಡಿ, ಮನಸ್ಸಿನಲ್ಲೇ ಐದು ಎಣಿಸಿ. ಎಡಿಟಿಂಗ್‌ನಲ್ಲಿ ನೀವು ಹುಡುಕುವುದು ಬಹುಶಃ ಆ ಐದು ಸೆಕೆಂಡಿನ ಮುಖವನ್ನೇ.

ಕೊನೆಯದಾಗಿ ರೇಡಿಯೋ. 20 ಸೆಕೆಂಡ್, 30 ಸೆಕೆಂಡ್ ಒಳಗಿದ್ದರೆ ಹಕ್ಕು ಬೇಡ ಎಂಬ ನಿಯಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಒಂದು ಚಿತ್ರಗೀತೆಯಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಎಂದು ಮೂರು ಬೇರೆ ಬೇರೆ ಹಕ್ಕುಗಳಿವೆ. ಸಾಹಿತ್ಯ, ಸಂಗೀತದ ಹಕ್ಕು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ, ಮುದ್ರಣದ್ದು ಬಿಡುಗಡೆಯಾಗಿ 60 ವರ್ಷ. ಯೂಟ್ಯೂಬ್ ಅದನ್ನು ತಾನೇ ಗುರುತಿಸುತ್ತದೆ, ಚಿತ್ರೋತ್ಸವಗಳು ಲಿಖಿತ ಅನುಮತಿ ಕೇಳುತ್ತವೆ. ಹಾಡನ್ನು ನೀವೇ ಹಾಡಿಸಿದರೂ ಮೊದಲ ಎರಡು ಹಕ್ಕು ಉಳಿದೇ ಇರುತ್ತವೆ. ದೊಡ್ಡಮ್ಮನಿಗೆ ತಾಯಿಯಿಂದ ಬಂದ ಸಂಪ್ರದಾಯದ ಹಾಡು ಒಂದಾದರೂ ಗೊತ್ತಿರುತ್ತದೆ. ಅದನ್ನು ಅವರಿಂದಲೇ ಹಾಡಿಸಿ ಮುದ್ರಿಸಿಕೊಳ್ಳಿ, ರೇಡಿಯೋದಿಂದ ಅದೇ ಬರಲಿ. ಎಡಿಟಿಂಗ್‌ನಲ್ಲಿ 300 ಹರ್ಟ್ಸ್ ಕೆಳಗಿನದನ್ನೂ 3000 ಹರ್ಟ್ಸ್ ಮೇಲಿನದನ್ನೂ ಕತ್ತರಿಸಿದರೆ ಹಳೆಯ ರೇಡಿಯೋದ ದನಿಯಾಗುತ್ತದೆ. ಚಿತ್ರೀಕರಣದ ಹೊತ್ತಿನಲ್ಲಿ ಮಾತ್ರ ರೇಡಿಯೋ ಬಾಯಿ ಮುಚ್ಚಿರಲಿ. ಹಾಡು ಹಿಂದೆ ನುಡಿಯುತ್ತಿದ್ದರೆ ಮಾತನ್ನು ಎಲ್ಲಿ ಕತ್ತರಿಸಿದರೂ ಹಾಡು ತುಂಡಾಗುತ್ತದೆ.

ಇಷ್ಟೆಲ್ಲ ತಂದ ಮೇಲೂ ನೇರ ಪೂರ್ತಿ ಚಿತ್ರಕ್ಕೆ ಇಳಿಯಬೇಡಿ. ಈ ಭಾನುವಾರ ಒಂದೇ ನಿಮಿಷದ ಭಾಗವನ್ನು ನಾಲ್ಕೈದು ಶಾಟ್‌ಗಳಲ್ಲಿ ತೆಗೆದು, ಎಡಿಟ್ ಮಾಡಿ, ದನಿ ಹೊಂದಿಸಿ, ಕತೆ ಗೊತ್ತಿಲ್ಲದ ಒಬ್ಬರಿಗೆ ಟಿವಿಯಲ್ಲಿ ತೋರಿಸಿ. ಅಜ್ಜಿ ಏನು ಹೇಳಿದರು ಎಂದು ಅವರನ್ನು ಕೇಳಿ. ಮಾತು ಮಾತಿಗೆ ಸರಿಯಾಗಿ ತಿರುಗಿ ಹೇಳಿದರೆ ತಾರೀಖು ಗೊತ್ತುಮಾಡಿ. ಅದು ಮುಂಗಾರಿಗೆ ಮುಂಚೆಯೇ ಇರಲಿ, ಹೆಂಚಿನ ಮೇಲೆ ಮಳೆ ಶುರುವಾದರೆ ಯಾವ ಮೈಕೂ ಅಜ್ಜಿಯ ಮಾತನ್ನು ಹಿಡಿಯಲಾರದು.